ಹೊಳೆಯ ವಾಟ

ಬಚ್ಚಲಿಗೆ ನೆಲ ಹಾಕುವ ಗಾರೆಯವನು ಕೆಲಸ ಮುಗಿಸುವ ಮೊದಲು ಒಂದು ಚೆಂಬು ನೀರು ಸುರಿದು ನೋಡುತ್ತಾನೆ. ವಾಟ ಸರಿಯಾಗಿದ್ದರೆ ನೀರು ತಾನಾಗಿ ಮೋರಿಗೆ ಹೋಗುತ್ತದೆ. ತಪ್ಪಿದ್ದರೆ ಮೂಲೆಯಲ್ಲಿ ನಿಂತು ಪಾಚಿ ಕಟ್ಟುತ್ತದೆ. ಹೊಳೆಯ ಬಾಳೂ ಹೀಗೆಯೇ. ಅಮರಕೋಶವು ನದಿಗೆ ಹೇಳುವ ಹೆಸರುಗಳಲ್ಲಿ ‘ನಿಮ್ನಗಾ’ ಎಂಬುದೂ ಒಂದು. ತಗ್ಗಿಗೆ ಹೋಗುವವಳು ಎಂದು ಅದರ ಅರ್ಥ. ಎಷ್ಟು ದೂರದಲ್ಲಿ ಎಷ್ಟು ತಗ್ಗುತ್ತಾಳೆ ಎಂಬುದರ ಮೇಲೆ ಅವಳ ಗುಣವೂ, ಅವಳ ದಂಡೆಯ ಜನರ ಬದುಕೂ ನಿಂತಿವೆ.

ವಾಟ ಕಡಿದಾಗಿರುವಲ್ಲಿ ನೀರಿಗೆ ಬಲ ಹೆಚ್ಚು. ಮಣ್ಣು ಮರಳನ್ನು ಹೊತ್ತುಕೊಂಡು, ಮಳೆಗಾಲದಲ್ಲಿ ಗುಂಡುಕಲ್ಲುಗಳನ್ನೂ ಉರುಳಿಸಿಕೊಂಡು, ಅದು ತನ್ನ ತಳವನ್ನೇ ಕೊರೆಯುತ್ತದೆ. ಆದ್ದರಿಂದಲೇ ಘಟ್ಟದ ಝರಿಗಳಲ್ಲಿ ಬಂಡೆಯ ಮೆಟ್ಟಿಲು, ಮೆಟ್ಟಿಲ ಕೆಳಗೊಂದು ಮಡು. ವಾಟ ಕಡಮೆಯಾದಲ್ಲಿ ಬಲವೂ ಕುಂದುತ್ತದೆ; ಹೊತ್ತದ್ದನ್ನು ಇಳಿಸಬೇಕಾಗುತ್ತದೆ. ಮೊದಲು ಕಲ್ಲು, ಆಮೇಲೆ ಮರಳು, ಕೊನೆಗೆ ಮೆಕ್ಕಲು. ಅಲ್ಲಿ ಹೊಳೆ ಅಗಲವಾಗಿ, ಬಳಸಿ ಬಳಸಿ ಹರಿಯುತ್ತದೆ.

ಶರಾವತಿಯೊಂದರಲ್ಲೇ ಈ ಎರಡು ಗುಣಗಳನ್ನೂ ಕಾಣಬಹುದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಈ ಹೊಳೆಯ ಉದ್ದ ಸುಮಾರು 128 ಕಿಲೋಮೀಟರು. ಅದರಲ್ಲಿ ಜೋಗದ ಒಂದೇ ನೆಗೆತಕ್ಕೆ 253 ಮೀಟರು ಇಳಿದುಬಿಡುತ್ತದೆ. ಅದರ ಕೆಳಗೆ ಆಳವಾದ ಕೊರಕಲು. ಗೇರುಸೊಪ್ಪೆ ದಾಟಿದ ಮೇಲೆ ಅದೇ ನೀರು ದೋಣಿ ಸಾಗುವಷ್ಟು ಶಾಂತ. ಕಡಲ ಬಳಿ ಮಾವಿನಕುರ್ವೆಯಂತಹ ನಡುಗಡ್ಡೆಗಳು.

ಜೋಗದ ಮೇಲಿನ ಕಣಿವೆಯಾದರೋ ಅಗಲ, ವಾಟವೂ ಕಡಮೆ. ಆದ್ದರಿಂದಲೇ ಅಲ್ಲಿ ಗದ್ದೆ ತೋಟಗಳಾದವು, ಊರುಗಳು ನೆಲೆಗೊಂಡವು. ಆದ್ದರಿಂದಲೇ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ, ನಿಂತ ನೀರು ದೂರದೂರಕ್ಕೆ ಹರಡಿ ಆ ಗದ್ದೆಗಳನ್ನೂ ಊರುಗಳನ್ನೂ ಮುಳುಗಿಸಿತು. ಘಟ್ಟದ ಇಳಿತ ನಾಡಿಗೆ ವಿದ್ಯುತ್ತನ್ನು ಕೊಟ್ಟಿತು. ಮೇಲಿನ ತಟ್ಟು ನೆಲದವರು ಅದರ ಬೆಲೆ ತೆತ್ತು, ಮನೆಮಠ ಬಿಟ್ಟು ಎದ್ದುಹೋದರು. ದೀಪ ಹಚ್ಚಿಕೊಂಡ ನಾವು ಆ ಋಣವನ್ನು ಮರೆಯಬಾರದು.

ಶ್ರೋತೃಗಳೆ, ದೊಡ್ಡ ಹೊಳೆಯ ಮಾತು ಸರ್ಕಾರದ್ದಾದರೆ, ಸಣ್ಣ ಹಳ್ಳದ ಮಾತು ನಮ್ಮದು. ಸೊಟ್ಟ ಹಳ್ಳವನ್ನು ನೆಟ್ಟಗೆ ಮಾಡಿದರೆ ಒಂದಿಷ್ಟು ನೆಲ ದಕ್ಕಿತೆಂದು ಎಣಿಸುವವರುಂಟು. ಒಂದು ಲೆಕ್ಕ ಮಾಡೋಣ. ಬಳಸಿ ಬಳಸಿ 2 ಕಿಲೋಮೀಟರು ಹರಿಯುವ ಹಳ್ಳವೊಂದು ಅಷ್ಟರಲ್ಲಿ 4 ಮೀಟರು ಇಳಿಯುತ್ತದೆನ್ನಿ. ತಿರುವುಗಳನ್ನು ಕಡಿದು ದಾರಿಯನ್ನು 1 ಕಿಲೋಮೀಟರಿಗೆ ತಂದರೆ, ಇಳಿತ ಅದೇ 4 ಮೀಟರು. ವಾಟ ಮಾತ್ರ ಇಮ್ಮಡಿ! ಬಲ ಬಂದ ನೀರು ತಳವನ್ನು ಕೊರೆಯುತ್ತದೆ, ದಂಡೆ ಕುಸಿಯುತ್ತದೆ, ಕೆಳಗಿನವನ ಗದ್ದೆಗೆ ಮರಳು ಬಂದು ಬೀಳುತ್ತದೆ. ತಳ ಇಳಿದಂತೆ ಸುತ್ತಿನ ಬಾವಿಗಳ ನೀರೂ ಇಳಿಯಬಹುದು. ದಕ್ಕಿದ ನೆಲಕ್ಕಿಂತ ಕಳೆದುಕೊಂಡದ್ದೇ ಹೆಚ್ಚಾದೀತು.

ಹಳ್ಳದ ಸೊಟ್ಟು ತಿದ್ದಲು ಹೊರಟವರು ಆ ಗಾರೆಯವನಂತೆ ಮೊದಲು ವಾಟ ನೋಡಲಿ. ಕೆಳಗಿನ ಗದ್ದೆಯವನನ್ನೂ ಒಂದು ಮಾತು ಕೇಳಲಿ.