ಮೇಜಿನ ಸುತ್ತ ಕಲಿಯುವ ವಿದ್ಯೆ

ಬಾಗಿಲನ್ನು ಮಾಡುವ ಬಡಗಿಗೆ ಮರದ ಗುಣವಷ್ಟೇ ತಿಳಿದಿದ್ದರೆ ಸಾಲದು. ಆ ಬಾಗಿಲಿನಲ್ಲಿ ಹಾದುಹೋಗುವವರ ಎತ್ತರವೂ ತಿಳಿದಿರಬೇಕು. ತಲೆ ತಗ್ಗಿಸಿ ಒಳಹೋಗಬೇಕಾದ ಬಾಗಿಲನ್ನು ದೇವಾಲಯದಲ್ಲಿ ನಾವು ಒಪ್ಪಿಕೊಂಡೇವು, ಅಂಚೆಕಚೇರಿಯಲ್ಲಿ ಒಪ್ಪಲಾರೆವು. ಇಂದು ವಿದ್ಯುತ್ತಿನ ಬಿಲ್ಲು, ರೈಲಿನ ಟಿಕೆಟ್ಟು, ಆದಾಯದ ಪ್ರಮಾಣಪತ್ರ, ಮಕ್ಕಳ ಪರೀಕ್ಷೆಯ ಫಲಿತಾಂಶ ಇವೆಲ್ಲ ಜಾಲತಾಣವೆಂಬ ಬಾಗಿಲಿನಿಂದಲೇ ಮನೆಗೆ ಬರುತ್ತಿವೆ. ಆ ಬಾಗಿಲನ್ನು ಯಾರ ಎತ್ತರಕ್ಕೆ ಅಳೆದು ಮಾಡಿದರು? ಈ ಪ್ರಶ್ನೆಯನ್ನೇ ತನ್ನ ಮೊದಲ ಪಾಠವಾಗಿ ಇಟ್ಟುಕೊಂಡ ವಿದ್ಯೆಯೊಂದಿದೆ. ಇಂಗ್ಲಿಷಿನವರು ಅದನ್ನು ಇಂಟರ್‌ಆಕ್ಷನ್ ಡಿಸೈನ್ ಎನ್ನುತ್ತಾರೆ. ನಾವು ಸಂವಾದ ವಿನ್ಯಾಸವೆಂದು ಕರೆಯಬಹುದು.

ಈ ಹೆಸರು ಹುಟ್ಟಿದ್ದು 1980ರ ದಶಕದಲ್ಲಿ. ಇಟ್ಟವರು ಬಿಲ್ ಮಾಗ್ರಿಜ್ ಮತ್ತು ಬಿಲ್ ವರ್ಪ್ಲ್ಯಾಂಕ್. ಮಾಗ್ರಿಜ್ ಅವರು 1982ರಲ್ಲಿ ಮಾರುಕಟ್ಟೆಗೆ ಬಂದ, ಮಡಿಸಿ ಒಯ್ಯಬಹುದಾದ ಗಣಕಯಂತ್ರವೊಂದರ ಹೊರಕವಚವನ್ನು ರೂಪಿಸಿದ್ದರು. ಯಂತ್ರ ಕೈಗೆ ಬಂದಾಗ ಅವರ ಗಮನ ತಾವೇ ರೂಪಿಸಿದ ಕವಚದ ಮೇಲೆ ನಿಲ್ಲಲಿಲ್ಲ. ಪರದೆಯ ಒಳಗಿನ ವ್ಯವಹಾರ ಅವರನ್ನು ಸೆಳೆದುಕೊಂಡಿತು. ವಸ್ತುವಿನ ಆಕಾರದಷ್ಟೇ ಅದರೊಡನೆ ಮನುಷ್ಯ ನಡೆಸುವ ಮಾತುಕತೆಯನ್ನೂ ರೂಪಿಸಬೇಕೆಂಬ ಅರಿವು ಹೀಗೆ ಬಲಗೊಂಡಿತು. 1991ರಲ್ಲಿ ವಿಶ್ವವ್ಯಾಪಿ ಜಾಲವು ಸಾರ್ವಜನಿಕರಿಗೆ ತೆರೆದುಕೊಂಡ ಮೇಲಂತೂ ಆ ಮಾತುಕತೆ ಊರೂರಿನ ಸಂಗತಿಯಾಯಿತು.

ಇದು ಪರದೇಶದ ಸರಕೆಂದು ಕೆಲವರು ಮೂಗುಮುರಿಯಬಹುದು. ಆದರೆ ನಮ್ಮಲ್ಲಿ ಈ ವಿದ್ಯೆಗೆ ದೊರೆತ ಬಹು ದೊಡ್ಡ ಪರೀಕ್ಷೆ ಮತಯಂತ್ರ. 1982ರಲ್ಲಿ ಕೇರಳದ ಪರವೂರಿನಲ್ಲಿ ಅದರ ಪ್ರಯೋಗ ಮೊದಲು ನಡೆಯಿತು. ಇಂದು ನಾವು ಕಾಣುವ ಯಂತ್ರದ ವಿನ್ಯಾಸದಲ್ಲಿ ಮುಂಬಯಿಯ ಐಐಟಿಯ ಕೈಗಾರಿಕಾ ವಿನ್ಯಾಸ ಕೇಂದ್ರದ ಅಧ್ಯಾಪಕರಾದ ಎ. ಜಿ. ರಾವ್ ಮತ್ತು ರವಿ ಪೂವಯ್ಯ ಅವರ ಕೈಯಿದೆ. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು. ಓದು ಬರಹ ಬಾರದವರೂ ಚಿಹ್ನೆಯನ್ನು ನೋಡಿ ಗುಂಡಿಯನ್ನೊತ್ತುತ್ತಾರೆ. ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ನೀಳವಾದ ಸದ್ದೊಂದು ಕೇಳಿಸುತ್ತದೆ. ‘ನಿನ್ನ ಮಾತು ನನಗೆ ತಲುಪಿತು’ ಎಂದು ಯಂತ್ರ ಕೊಡುವ ಉತ್ತರ ಆ ಸದ್ದು. ನಮ್ಮ ರಾಜ್ಯದಲ್ಲಿಯೇ ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ ಗುಮಾಸ್ತರ ಎದುರಿಗಿರುವ ಪರದೆಯ ಜೊತೆಗೆ ರೈತನ ಕಡೆಗೆ ಮುಖಮಾಡಿದ ಮತ್ತೊಂದು ಪರದೆಯನ್ನೂ ಇಟ್ಟರು. ತನ್ನ ಹೊಲದ ದಾಖಲೆಯಲ್ಲಿ ಏನು ನಡೆಯುತ್ತಿದೆಯೆಂಬುದನ್ನು ರೈತ ಕಣ್ಣಾರೆ ಕಾಣಲೆಂಬ ಉದ್ದೇಶ. ಒಂದು ಪರದೆಯ ಹೆಚ್ಚಳದಿಂದ ಅಧಿಕಾರದ ತಕ್ಕಡಿ ಎಷ್ಟು ವಾಲುತ್ತದೆಂಬುದನ್ನು ತಾಲೂಕು ಕಚೇರಿಯ ಕಿಟಕಿಯ ಮುಂದೆ ಕಾದು ನಿಂತವರೇ ಬಲ್ಲರು.

ಇಂತಹ ವಿದ್ಯೆಯನ್ನು ಕಲಿಸುವ ಬಗೆ ಹೇಗೆ? ಪುಸ್ತಕವನ್ನು ಉರುಹೊಡೆದು ಇದು ಬರುವುದಿಲ್ಲ; ಗರಡಿಗೆ ಇಳಿಯದೆ ಕುಸ್ತಿ ಬರುವುದುಂಟೆ? ಆದುದರಿಂದ ವಿನ್ಯಾಸದ ಶಾಲೆಗಳು ಸ್ಟುಡಿಯೋ ಪದ್ಧತಿಯನ್ನು ಆಶ್ರಯಿಸಿದವು. ಜರ್ಮನಿಯ ವೈಮಾರಿನಲ್ಲಿ 1919ರಲ್ಲಿ ವಾಲ್ಟರ್ ಗ್ರೋಪಿಯಸ್ ತೆರೆದ ಬೌಹೌಸ್ ಈ ಪದ್ಧತಿಗೆ ಹೊಸ ರೂಪ ಕೊಟ್ಟಿತು. ನಮ್ಮಲ್ಲಿ 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಸರ್ಕಾರಕ್ಕೆ ವರದಿಯೊಂದನ್ನು ಬರೆದು, ನಮ್ಮ ಮನೆಮನೆಯ ಚೊಂಬನ್ನೇ ಉತ್ತಮ ವಿನ್ಯಾಸದ ಮಾದರಿಯೆಂದು ಕೊಂಡಾಡಿದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅದರ ಬೆಂಗಳೂರು ಶಾಖೆ ರಾಜಾಜಿನಗರಕ್ಕೆ ದೂರವಲ್ಲದ, ತುಮಕೂರು ರಸ್ತೆಗೆ ಸೇರುವ ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿದೆ. ಸಂವಾದ ವಿನ್ಯಾಸದಲ್ಲಿ ಸ್ನಾತಕೋತ್ತರ ವ್ಯಾಸಂಗ ಅಲ್ಲಿ ನಡೆಯುತ್ತದೆ. ಇತ್ತ ಕೆಂಗೇರಿಯ ದಾರಿಯಲ್ಲಿ, ಮೈಸೂರು ರಸ್ತೆಯಲ್ಲಿ 2021ರಲ್ಲಿ ಆರಂಭವಾದ ಆರ್. ವಿ. ವಿಶ್ವವಿದ್ಯಾಲಯದಲ್ಲಿಯೂ ವಿನ್ಯಾಸದ ವಿಭಾಗವಿದೆ. ಕೈಗಡಿಯಾರವನ್ನೂ ಸಾಬೂನನ್ನೂ ಮಾಡಿ ಹೆಸರಾದ ನಗರದ ಈ ಪಶ್ಚಿಮ ಭಾಗ ಈಗ ಮಾತುಕತೆಯನ್ನು ರೂಪಿಸುವವರನ್ನೂ ತಯಾರುಮಾಡುತ್ತಿದೆ.

ಸ್ಟುಡಿಯೋದಲ್ಲಿ ಉಪನ್ಯಾಸಕ್ಕಿಂತ ಕೆಲಸಕ್ಕೇ ಹೆಚ್ಚಿನ ಸ್ಥಾನ. ವಿದ್ಯಾರ್ಥಿಗಳಿಗೆ ಒಂದು ಸಮಸ್ಯೆಯನ್ನು ಕೊಡುತ್ತಾರೆ. ಅವರು ಬೀದಿಗಿಳಿದು ಜನರನ್ನು ನೋಡುತ್ತಾರೆ, ಅವರೊಡನೆ ಮಾತನಾಡುತ್ತಾರೆ. ಹಿಂದಿರುಗಿ ಬಂದು ಪರದೆಗಳನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸುತ್ತಾರೆ. ಆಮೇಲೆ ವಿಮರ್ಶೆ. ಗುರುಗಳೂ ಸಹಪಾಠಿಗಳೂ ಮೇಜಿನ ಸುತ್ತ ನೆರೆದು ಪ್ರತಿಯೊಂದು ಗೆರೆಗೂ ಕಾರಣ ಕೇಳುತ್ತಾರೆ. ‘ಚೆನ್ನಾಗಿ ಕಂಡಿತು’ ಎಂಬ ಉತ್ತರಕ್ಕೆ ಅಲ್ಲಿ ಬೆಲೆಯಿಲ್ಲ. ನಮ್ಮ ಪರೀಕ್ಷಾಪದ್ಧತಿಯಲ್ಲಿ ಬೆಳೆದ ಮಕ್ಕಳಿಗೆ ಇದು ಕಷ್ಟ. ಒಂದೇ ಸರಿಯುತ್ತರವಿಲ್ಲದ ಪ್ರಶ್ನೆಯನ್ನು ಅವರು ಮೊದಲ ಬಾರಿಗೆ ಎದುರಿಸುವುದು ಅಲ್ಲಿಯೇ.

ಅಂತಹ ಒಂದು ವಿಮರ್ಶೆಯಲ್ಲಿ ನಾನೂ ಕುಳಿತಿದ್ದೆ. ಹಣ ಪಾವತಿಯ ಪುಟವೊಂದನ್ನು ಹುಡುಗಿಯೊಬ್ಬಳು ಕಾಗದದ ಮೇಲೆ ಬಹಳ ಅಚ್ಚುಕಟ್ಟಾಗಿ ರೂಪಿಸಿದ್ದಳು. ಅದನ್ನು ಬಳಸಿ ನೋಡಲು ವಿಜಯನಗರದ ಮಾರುಕಟ್ಟೆಯಿಂದ ಹೂವು ಮಾರುವ ಹೆಂಗಸೊಬ್ಬರನ್ನು ಕರೆತಂದಿದ್ದಳು. ಆಕೆ ಗುಂಡಿಯ ಚಿತ್ರವನ್ನು ಮುಟ್ಟಿದರು. ಮುಂದಿನ ಹಾಳೆ ಬಂತು. ಅದರಲ್ಲಿ ತಿರುಗುವ ಚಕ್ರವೊಂದೇ ಇತ್ತು. ಆಕೆ ತಲೆಯೆತ್ತಿ, ‘ಹಣ ಹೋಯಿತೋ ಇಲ್ಲವೋ, ನನಗೆ ಹೇಳುವವರು ಯಾರು?’ ಎಂದು ಕೇಳಿದರು. ಗುರುಗಳು ಏನನ್ನೂ ಸೇರಿಸಲಿಲ್ಲ. ಮತಯಂತ್ರದ ಆ ಸದ್ದು ಕೊಡುವ ಉತ್ತರ ಇಲ್ಲಿ ಇರಲಿಲ್ಲವೆಂಬುದು ಕೋಣೆಯಲ್ಲಿದ್ದವರೆಲ್ಲರಿಗೂ ಹೊಳೆಯಿತು. ಹುಡುಗಿ ಆ ವಾಕ್ಯವನ್ನು ಹಾಳೆಯ ನೆತ್ತಿಯ ಮೇಲೆ ಬರೆದುಕೊಂಡು ಮತ್ತೆ ಕೆಲಸಕ್ಕೆ ಕುಳಿತಳು.

ಇಷ್ಟು ಹೊಗಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಆ ಹೆಂಗಸು ಕೇಳಿದ್ದು ಕನ್ನಡದಲ್ಲಿ. ಮೇಜಿನ ಸುತ್ತ ನಡೆದ ಚರ್ಚೆಯೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ, ಎಲ್ಲರಿಗಿಂತ ಚೆನ್ನಾಗಿ ಆ ಬೀದಿಯನ್ನು ಬಲ್ಲವನು, ಅಲ್ಲಿ ಬಾಯಿ ಕಟ್ಟಿ ಕೂರುತ್ತಾನೆ. ಇದರ ಗುರುತು ಪರದೆಯ ಮೇಲೂ ಬೀಳುತ್ತದೆ. ಪುಟವನ್ನು ಇಂಗ್ಲಿಷಿಗೆ ಅಳೆದು ಮಾಡಿ, ಕೊನೆಯಲ್ಲಿ ಕನ್ನಡವನ್ನು ಅದರೊಳಗೆ ತುರುಕುತ್ತಾರೆ. ‘ರಾಷ್ಟ್ರ’ ಎಂಬ ಮಾತಿನ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕು. ಅದಿಲ್ಲದಿದ್ದರೆ ಅಕ್ಷರದ ಕಾಲು ಕತ್ತರಿಸಿಹೋಗುತ್ತದೆ. ‘ಕ್ಯಾನ್ಸಲ್’ ಎಂಬುದಕ್ಕೆ ಅಳೆದ ಗುಂಡಿಯಲ್ಲಿ ‘ರದ್ದುಗೊಳಿಸಿ’ ಹಿಡಿಸುವುದಿಲ್ಲ.

ಬೇರೆ ದಾರಿಯಿದೆಯೆಂಬುದಕ್ಕೆ ನಮ್ಮವರೇ ಸಾಕ್ಷಿ. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ಕನ್ನಡದ ಕೀಲಿಮಣೆಯನ್ನು ರೂಪಿಸುವಾಗ ಅಚ್ಚಿನ ಮೊಳೆಯ ತುಂಡುಗಳನ್ನು ಲೆಕ್ಕಕ್ಕಿಡದೆ, ಕಿವಿಗೆ ಬೀಳುವ ವ್ಯಂಜನ ಸ್ವರಗಳನ್ನು ಹಿಡಿದು ಹೊರಟರು. ನೂರಾರು ಗುಣಿತಾಕ್ಷರಗಳೂ ಒತ್ತಕ್ಷರಗಳೂ ಕೆಲವೇ ಕೀಲಿಗಳಿಗೆ ಇಳಿದುಬಂದವು. ಭಾಷೆಯ ಒಳಗಿನಿಂದ ಯೋಚಿಸಿದ್ದರ ಫಲವಿದು. ವಿನ್ಯಾಸದ ಶಾಲೆಗಳು ಈ ಪಾಠವನ್ನು ತಮ್ಮ ಮೊದಲ ವರ್ಷದಲ್ಲಿಯೇ ಇಟ್ಟುಕೊಳ್ಳಬೇಕು. ವಿಮರ್ಶೆಯ ಮೇಜಿನಲ್ಲಿ ಕನ್ನಡಕ್ಕೂ ಒಂದು ಕುರ್ಚಿಯನ್ನು ಹಾಕಬೇಕು.

ತಮ್ಮ ಮಗ ಅಥವಾ ಮಗಳು ಈ ವಿದ್ಯೆಯನ್ನು ಆರಿಸಿಕೊಂಡಾಗ ‘ಚಿತ್ರ ಬರೆಯುವುದಕ್ಕೂ ಒಂದು ಪದವಿಯೇ?’ ಎಂದು ಕೇಳುವ ತಂದೆತಾಯಿಗಳು ನಮ್ಮ ಬಡಾವಣೆಗಳಲ್ಲಿ ಇನ್ನೂ ಇದ್ದಾರೆ. ಅವರು ಮುಂದಿನ ತಿಂಗಳ ಬಿಲ್ಲನ್ನು ಮಕ್ಕಳ ನೆರವಿಲ್ಲದೆ ತಾವೇ ಕಟ್ಟಲು ಒಮ್ಮೆ ಕುಳಿತುಕೊಳ್ಳಲಿ. ಎಲ್ಲಿ ಕೈ ತಡೆಯಿತು, ಎಲ್ಲಿ ಮನಸ್ಸು ಅಳುಕಿತು ಎಂಬುದನ್ನು ಒಂದು ಚೀಟಿಯಲ್ಲಿ ಗುರುತುಹಾಕಿ ಆ ಮಗುವಿನ ಕೈಗೆ ಕೊಡಲಿ. ಸ್ಟುಡಿಯೋದ ಗೋಡೆಗೆ ಅಂಟಿಸಲು ಅದಕ್ಕಿಂತ ಒಳ್ಳೆಯ ಕಾಗದ ಸಿಗುವುದು ಕಷ್ಟ.