ಮಾಸ್ಕ್ ಹೊಲಿದ ನಾಡಿನಲ್ಲಿ ಗಾಳಿಯ ಮಾತು

ಕೊಯಮತ್ತೂರಿನಲ್ಲಿ ಇಂದಿಗೂ ಪ್ಲೇಗ್ ಮಾರಿಯಮ್ಮನ ಗುಡಿಗಳಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಹಾಮಾರಿ ಮತ್ತೆ ಮತ್ತೆ ಬಂದಾಗ ಜನ ಆ ತಾಯಿಗೆ ಮೊರೆಯಿಟ್ಟರು. ಪ್ಲೇಗು ಹೆಚ್ಚಾಗಿ ಇಲಿಚಿಗಟದಿಂದ ಹರಡುತ್ತದೆ. ಶ್ವಾಸಕೋಶಕ್ಕೆ ಇಳಿದರೆ ಉಸಿರಿನಿಂದಲೂ ಹರಡುತ್ತದೆ. 1910-11ರಲ್ಲಿ ಮಂಚೂರಿಯಾದಲ್ಲಿ ಇದನ್ನು ಕಂಡ ವೈದ್ಯ ವೂ ಲಿಯೆನ್-ತೆ, ಹತ್ತಿ ಮತ್ತು ಗಾಜ್ ಬಟ್ಟೆಯ ಮಾಸ್ಕನ್ನು ಬಳಕೆಗೆ ತಂದರು.

1934ರಲ್ಲಿ ಅಮೆರಿಕದ ವಿಲಿಯಂ ವೆಲ್ಸ್ ಇನ್ನೊಂದು ಸಂಗತಿ ತೋರಿಸಿದರು. ಕೆಮ್ಮಿದಾಗ ಹೊರಬೀಳುವ ಸಣ್ಣ ಹನಿಗಳು ನೆಲ ಮುಟ್ಟುವ ಮೊದಲೇ ಒಣಗಿ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲಬಲ್ಲವು. ಮುಂದೆ ಬಾಲ್ಟಿಮೋರ್‌ನಲ್ಲಿ ಅವರೂ ರಿಚರ್ಡ್ ರೈಲಿಯೂ ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಗಿನಿಯಿಲಿಗಳ ಕೋಣೆಗೆ ಹಾಯಿಸಿದರು. ಅವಕ್ಕೆ ಸೋಂಕು ತಗಲಿತು.

ಅದೇ ಕಾಲಕ್ಕೆ, 1956ರಲ್ಲಿ ಮದರಾಸಿನಲ್ಲಿ ಕ್ಷಯ ಔಷಧೋಪಚಾರ ಕೇಂದ್ರ ಆರಂಭವಾಯಿತು. ಮನೆಯಲ್ಲೇ ಔಷಧ ಕೊಟ್ಟರೂ ರೋಗಿ ಸ್ಯಾನಟೋರಿಯಂ ಎಂಬ ಕ್ಷಯ ಆಸ್ಪತ್ರೆಯಲ್ಲಿದ್ದಷ್ಟೇ ಚೆನ್ನಾಗಿ ಗುಣವಾಗುತ್ತಾನೆ ಎಂದು ಅದು 1959ರಲ್ಲಿ ತೋರಿಸಿಕೊಟ್ಟಿತು. ಬಡವರ ಪಾಲಿಗೆ ದೊಡ್ಡ ವರವದು. ಆದರೆ ಅಗಲವಾದ ವರಾಂಡ, ಎತ್ತರದ ಕಿಟಕಿಗಳ ಸ್ಯಾನಟೋರಿಯಂಗಳ ಜತೆಗೆ, ಗಾಳಿಯಾಡುವ ಕೋಣೆಯೂ ಆರೋಗ್ಯದ ಭಾಗ ಎಂಬ ಅರಿವು ಹಿಂದೆ ಸರಿಯಿತು.

2020ರಲ್ಲಿ ಕೊರೊನಾ ಬಂದಾಗ ಕೊಯಮತ್ತೂರು ಪ್ರದೇಶ ತನಗೆ ಒಗ್ಗಿದ ಕೆಲಸದಿಂದಲೇ ಉತ್ತರ ಕೊಟ್ಟಿತು. ಇಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರು ತಲೆಮಾರುಗಳಿಂದ ಮಗ್ಗ ನಡೆಸಿದ್ದಾರೆ. ಹತ್ತಿರದ ತಿರುಪ್ಪೂರು ಬನಿಯನ್‌ಗೆ ಹೆಸರಾದ ಊರು. ಲಾಕ್‌ಡೌನಿನಲ್ಲಿ ಅಲ್ಲಿನ ಹೊಲಿಗೆಯಂತ್ರಗಳು ಮಾಸ್ಕ್, ರಕ್ಷಣಾ ಕವಚಗಳತ್ತ ತಿರುಗಿದವು. 1956ರಲ್ಲಿ ಹುಟ್ಟಿದ ಕೊಯಮತ್ತೂರಿನ ಜವಳಿ ಸಂಶೋಧನಾ ಸಂಸ್ಥೆ ಸಿಟ್ರಾ, ಕವಚದ ಬಟ್ಟೆಯೊಳಗೆ ಕೃತಕ ರಕ್ತ ಇಳಿಯುತ್ತದೆಯೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿತು.

ಆದರೂ ಎಲ್ಲ ಮಾಸ್ಕೂ ಒಂದೇ ಅಲ್ಲ. ಬನಿಯನ್ ಬಟ್ಟೆ ಕುಣಿಕೆಗಳ ಹೆಣಿಗೆ, ನಡುನಡುವೆ ತೂತುಗಳಿರುತ್ತವೆ. ಎನ್-95ರೊಳಗಿನದು ಕರಗಿಸಿ ಎಳೆದ ಪಾಲಿಪ್ರೊಪಿಲೀನ್. ಅದರ ವಿದ್ಯುದಾವೇಶ ಹೊತ್ತ ನೂಲೆಳೆಗಳು ಕಣಗಳನ್ನು ಹಿಡಿದಿಡುವುದರಿಂದ, 0.3 ಮೈಕ್ರಾನ್ ಗಾತ್ರದವುಗಳಲ್ಲೂ ಕನಿಷ್ಠ 95% ಸೋಸಲ್ಪಡುತ್ತವೆ. ಅಂಚು ಕೆನ್ನೆಗೆ ಅಂಟಿಕೊಳ್ಳದಿದ್ದರೆ ಆ ಗುಣವೂ ವ್ಯರ್ಥ.

ಮಾಸ್ಕಿಗೆ ಸಿಕ್ಕ ಪರೀಕ್ಷೆ, ಪ್ರಮಾಣಪತ್ರಗಳ ಗಮನ ಕೋಣೆಯ ಗಾಳಿಗೆ ಸಿಗಲಿಲ್ಲ. ಈ ಸೀಮೆಯಲ್ಲಿ ಅದು ದೊಡ್ಡ ಕೊರತೆ, ಏಕೆಂದರೆ ನೂಲು ಹರಿಯದಂತೆ ತೇವ ಕಾಯುವ ನೂಲಿನ ಗಿರಣಿಗಳಲ್ಲಿ ಕಿಟಕಿಗಳು ಮುಚ್ಚಿರುತ್ತವೆ. ಒಳಗಿನ ಗಾಳಿಯೇ ಬಹುಪಾಲು ಮತ್ತೆ ಸುತ್ತುತ್ತದೆ. 2021ರ ಮೇ ತಿಂಗಳಲ್ಲಿ ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ, ಸೂಕ್ಷ್ಮ ಕಣಗಳು ಹತ್ತು ಮೀಟರ್‌ವರೆಗೂ ಸಾಗಬಲ್ಲವೆಂದು ಹೇಳಿ, ಕಿಟಕಿ ತೆರೆಯಲು, ಎಗ್ಸಾಸ್ಟ್ ಫ್ಯಾನ್ ಹಾಕಲು ಸೂಚಿಸಿತು. ಮೇಲ್ಛಾವಣಿಯ ಫ್ಯಾನ್ ಒಳಗಿನ ಗಾಳಿಯನ್ನೇ ಕಲಕುತ್ತದೆ. ಎಗ್ಸಾಸ್ಟ್ ಫ್ಯಾನ್ ಅದನ್ನು ಹೊರಗೆ ಎಳೆಯುತ್ತದೆ, ಎದುರಿನ ಕಿಟಕಿ ತೆರೆದಿದ್ದರೆ ಹೊಸ ಗಾಳಿ ಒಳಬರುತ್ತದೆ. ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರಿನಲ್ಲಿ ಇದನ್ನು ನೋಡಬಹುದು: ಹೊರಗೆ ಸುಮಾರು 420 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಇರುವ ಅಂಕಿ, ಜನ ತುಂಬಿದ ಕೋಣೆಯಲ್ಲಿ 1000 ದಾಟಿದರೆ ಗಾಳಿ ಸಾಲುತ್ತಿಲ್ಲವೆಂದೇ ಅರ್ಥ.