ಕೂಸಿಗೆ ನೀರು ಯಾವಾಗ?

(ಮುಲುಂಡಿನ ನಮ್ಮ ಸಂಘದ ಕೂಟದಲ್ಲಿ ಆಡಿದ ಮಾತು)



ಬೋನಸ್ಸಿನ ಮಾತಾಡುವವನು ಕೂಸಿನ ಮಾತೆತ್ತಿದನೆಂದು ನಗಬೇಡಿ. ನನ್ನ ಮೊದಲ ಮಗುವಿಗೆ ಆಗ ಮೂರು ತಿಂಗಳು. ಮೇ ತಿಂಗಳ ಸೆಕೆ, ತಗಡಿನ ಮಾಡಿನ ಖೋಲಿ. "ಗಂಟಲು ಒಣಗೀತು, ಎರಡು ಚಮಚ ನೀರು ಹಾಕು" ಎಂದು ಹೆಂಡತಿಗೆ ಹೇಳಿದವನು ನಾನೇ. ಡ್ರಮ್ಮಿನ ನೀರು. ನಾಲ್ಕನೆಯ ದಿನ ಭೇದಿ ಹತ್ತಿತು, ಕಣ್ಣು ಗುಳಿಬಿತ್ತು. ಐದು ದಿನ ಆಸ್ಪತ್ರೆಯಲ್ಲಿ ಕೂತೆವು. ಮಗು ಉಳಿಯಿತು, ಆ ತಿಂಗಳ ಪಗಾರ ಉಳಿಯಲಿಲ್ಲ.

ಅಲ್ಲಿನ ನರ್ಸಮ್ಮ ಹೇಳಿದ್ದು ಇಷ್ಟು: ಆರು ತಿಂಗಳು ತುಂಬುವವರೆಗೆ ಎದೆಹಾಲೇ ಹೊರತು ತೊಟ್ಟು ನೀರೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಸರಕಾರವೂ ಹೇಳುವುದು ಇದನ್ನೇ. ತಾಯಿಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ ಇದೆ. ಸೆಕೆಯಾದರೆ ಇನ್ನೊಂದು ಸಲ ಹಾಲೂಡಿಸಿ. ಆ ಪುಟ್ಟ ಹೊಟ್ಟೆಯನ್ನು ನೀರಿನಿಂದ ತುಂಬಿಸಿದರೆ ಕೂಸು ಹಾಲು ಕುಡಿಯದು. ಕುಡಿಯದಿದ್ದರೆ ತಾಯಿಗೆ ಹಾಲೂ ಇಳಿಯುತ್ತದೆ. ನೀರು ಮಿತಿಮೀರಿದರೆ ರಕ್ತದ ಉಪ್ಪಿನಂಶ ಕುಗ್ಗಿ ಫಿಟ್ಸ್ ಬರುವುದೂ ಉಂಟು. ಸಕ್ಕರೆ ನೀರು, ಜೇನು, ಗ್ರೈಪ್ ವಾಟರ್ ಸಹ ಬೇಡ. ಡಾಕ್ಟರು ಬರೆದುಕೊಟ್ಟ ಮದ್ದು, ಓ.ಆರ್.ಎಸ್. ಮಾತು ಬೇರೆ.

ಡಬ್ಬಿ ಹಾಲಿನ ಕೂಸಿಗೂ ಬೇರೆ ನೀರು ಬೇಡ. ಪುಡಿ ಉಳಿಸಲೆಂದು ಹಾಲು ತೆಳ್ಳಗೆ ಮಾಡಲೂ ಬೇಡಿ. ಚಹಾ ತೆಳ್ಳಗಾದರೆ ಗಿರಾಕಿ ಬೈಯುತ್ತಾನೆ, ಕೂಸು ಬೈಯಲಾರದು.

ಆರು ತಿಂಗಳು ತುಂಬಿ ರಾಗಿ ಮಣ್ಣಿಯೋ ಮೆತ್ತನೆಯ ಅನ್ನವೋ ಶುರುವಾದಾಗ, ಅದರ ಜೊತೆಗೆ ಎರಡು ಮೂರು ಗುಟುಕು ನೀರು ಕೊಡಿ. ಎದೆಹಾಲು ನಿಲ್ಲಿಸಬೇಡಿ. ಭಾಂಡುಪದ ನೀರು ಶುದ್ಧಿಯ ಕೇಂದ್ರ ನಮ್ಮ ಪಕ್ಕದಲ್ಲೇ ಇದೆ. ಅಲ್ಲಿಂದ ನೀರು ಶುದ್ಧವಾಗಿಯೇ ಹೊರಡುತ್ತದೆ. ಕೆಡುವುದು ಗಟಾರದ ಬದಿಯ ಸೋರುವ ಪೈಪಿನಲ್ಲಿ, ನಮ್ಮ ಡ್ರಮ್ಮಿನಲ್ಲಿ, ಬೆರಳು ಅದ್ದಿ ಎತ್ತುವ ಲೋಟದಲ್ಲಿ. ಆದ್ದರಿಂದ ಕುದಿಸಿ. ಬರೀ ಬಿಸಿ ಸಾಲದು, ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಒಲೆಯ ಮೇಲಿರಲಿ. ಮುಚ್ಚಿ ಆರಿಸಿ, ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ. ಬಾಟಲಿ ಬೇಡ, ಅದರ ರಬ್ಬರು ತೊಳೆದು ಮುಗಿಯದು. ಊರಿನಿಂದ ತಂದ ಒಳಲೆ ಪೆಟ್ಟಿಗೆಯಲ್ಲಿದ್ದರೆ ತೆಗೆಯಿರಿ. ಇಲ್ಲದಿದ್ದರೆ ಸಣ್ಣ ಲೋಟ ಸಾಕು.

ಆದರೆ ಪಾತ್ರೆ ತೊಳೆಯಲು ಹೋಗುವ ತಾಯಿ ಆರು ತಿಂಗಳು ಹಾಲೂಡಿಸುವುದು ಹೇಗೆ? ಹತ್ತು ಜನ ದುಡಿಯುವ ಕಡೆ, ಕಾನೂನಿನಂತೆ, ಮೊದಲ ಎರಡು ಹೆರಿಗೆಗೆ 26 ವಾರದ ಪಗಾರಿ ರಜೆ ಆಕೆಯ ಹಕ್ಕು. ಹೆರಿಗೆಗೆ ಮುಂಚೆ ತೆಗೆದುಕೊಂಡ ವಾರಗಳು ಅದರಲ್ಲೇ ಕಳೆಯುತ್ತವೆ, ಲೆಕ್ಕ ಹಾಕಿಕೊಳ್ಳಿ. ಧಣಿ ಕೊಡುವುದಿಲ್ಲವೆಂದರೆ ಹಾಜರಿ ಚೀಟಿ, ಡಾಕ್ಟರ ಕಾಗದ ಹಿಡಿದು ಭಾನುವಾರ ಸಂಘದ ಕಚೇರಿಗೆ ಬನ್ನಿ. ಅರ್ಜಿ ನಾನೇ ಬರೆದುಕೊಡುತ್ತೇನೆ.